ಕೆಂಪು ದಾಟುವಂತಿಲ್ಲ

ರೋಗ ಬಂದದ್ದು ಬಾಳೆಗೆ. ಕಾಲು ಸುಟ್ಟದ್ದು ಹೆಂಗಸರದು.

ನಡುವೆ ಒಂದು ಕಂಬ. ರಸ್ತೆಗೆ ಅಡ್ಡ, ಬಿಳಿ ಬಳಿದದ್ದು, ಒಂದು ತುದಿಗೆ ಕಲ್ಲು ಕಟ್ಟಿದ್ದು. ಅದರ ಪಕ್ಕ ತಗಡಿನ ಗೂಡು. ಗೂಡಿನ ಪಕ್ಕ ನನ್ನ ಪಂಚರ್ ಅಂಗಡಿ. ಕಂಬ ಬರುವ ಮೊದಲು ಆ ತಿರುವಿನಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಈಗ ಎಲ್ಲರೂ ನಿಲ್ಲುತ್ತಾರೆ. ನಿಂತವರು ಇಳಿದು ಚಕ್ರಕ್ಕೆ ಒದೆಯುತ್ತಾರೆ. ಒದ್ದವರಿಗೆ ಗಾಳಿ ಕಡಿಮೆಯೇನೋ ಎಂದು ಅನುಮಾನ ಬರುತ್ತದೆ. ಅವರ ಅನುಮಾನ ನನ್ನ ಅನ್ನ. ಆದ್ದರಿಂದ ಬಾಳೆಯ ರೋಗದ ಬಗ್ಗೆ ನಾನು ಕೃತಘ್ನನ ಹಾಗೆ ಮಾತಾಡಬಾರದು.

ರೋಗವೇನೋ ನಿಜವೇ. ಎಲೆ ಹಳದಿಯಾಗಿ ಬುಡಕ್ಕೆ ಜೋತುಬೀಳುತ್ತದೆ. ದಿಂಡು ಸೀಳಿದರೆ ಒಳಗೆ ಕಂದು ಬಣ್ಣ. ಮಣ್ಣಿನಲ್ಲಿರುತ್ತದೆ, ಮಣ್ಣು ಹೋದಲ್ಲಿಗೆ ಹೋಗುತ್ತದೆ. ತೋಟಕ್ಕೆ ತೋಟವೇ ಮಲಗಿದ್ದನ್ನು ಕಂಡವರು ನಾವು. ತಪಾಸಣೆ ಬೇಡ ಎಂದು ಯಾರೂ ಹೇಳಲಿಲ್ಲ. ಮಣ್ಣು ಯಾರ ಕಾಲಲ್ಲಿರುತ್ತದೆ ಎನ್ನುವ ಪ್ರಶ್ನೆಗೆ ಮಾತ್ರ ತೋಟಗಾರಿಕೆ ಇಲಾಖೆ ಬಹಳ ಬೇಗ ಉತ್ತರ ಕಂಡುಕೊಂಡಿತ್ತು.

ಉತ್ತರ ಹೀಗೆ. ಕಾರಿನವರು ಮಣ್ಣು ತುಳಿಯುವುದಿಲ್ಲ. ಗಾಜು ಏರಿಸಿಕೊಂಡು ಹೋಗಬಹುದು. ಲಾರಿಯ ಚಕ್ರಕ್ಕೆ ಔಷಧಿ ಹೊಡೆಯಬೇಕು. ತೋಟದ ಧಣಿಯ ಕಾರಿಗೆ ಹೊಡೆಯಬಾರದು, ಬಣ್ಣ ಮಾಸುತ್ತದೆ. ಕೂಲಿಯವರು ಚಪ್ಪಲಿಯನ್ನು ಈಚೆ ಬಿಟ್ಟು, ಬರಿಗಾಲಲ್ಲಿ ಔಷಧಿ ತುಂಬಿದ ತಗಡಿನ ತಟ್ಟೆಯೊಳಗೆ ನಿಂತು, ಬಿಡು ಎಂದಾಗ ದಾಟಬೇಕು. ಬೆಳಿಗ್ಗೆ ಹೋಗುವಾಗ ಒಮ್ಮೆ, ಸಂಜೆ ಬರುವಾಗ ಒಮ್ಮೆ. ಔಷಧಿಗೆ ಉದ್ದನೆಯ ಹೆಸರೊಂದಿತ್ತು. ಬಣ್ಣ ನೀಲಿಯಾದ್ದರಿಂದ ನಾವು ನೀಲಿ ಎಂದೆವು. ಆ ತಟ್ಟೆ ಬೂಟಿಗೆಂದು ಮಾಡಿದ್ದು. ಬದಿಯಲ್ಲಿ ಬೂಟಿನ ಚಿತ್ರವೇ ಇತ್ತು. ನಮ್ಮ ಹೆಂಗಸರಿಗೆ ಬೂಟಿರಲಿಲ್ಲ. ಹಾಗಂತ ತಟ್ಟೆಯನ್ನು ಸುಮ್ಮನೆ ಬಿಡುವುದುಂಟೇ?

ಕಂಬ ಎತ್ತಿ ಇಳಿಸುವವನಿಗೆ ಕಂಬಣ್ಣ ಎಂದು ಹೆಸರು ಬಿದ್ದಿತ್ತು. ಬೆನ್ನಿಗೆ ಔಷಧಿ ಪಂಪು, ಕೈಯಲ್ಲಿ ಹಗ್ಗ, ಗೂಡಿನಲ್ಲಿ ಕೆಂಪು ಬಣ್ಣದ ಡಬ್ಬಿ. ರೋಗ ಕಂಡ ಮರಕ್ಕೆ ಆ ಬಣ್ಣದಲ್ಲಿ ಕತ್ತರಿ ಗುರುತು ಎಳೆದರೆ ಮುಗಿಯಿತು. ಆ ಮರದ ಎಲೆ, ಕಾಯಿ, ಬುಡದ ಮರಿ ಯಾವುದೂ ಕಂಬ ದಾಟುವಂತಿಲ್ಲ. ಇದ್ದಲ್ಲೇ ಕಡಿದು, ಸುಟ್ಟು, ಹೂಳಬೇಕು. ಕೆಲವು ತೋಟದವರು ಗುರುತನ್ನೇ ಕೆರೆದುಹಾಕಿ ಗೊನೆ ಸಾಗಿಸಿದರು. ಅವರಲ್ಲಿ ನಮ್ಮ ಧಣಿಯೂ ಒಬ್ಬ. ಆಗ ಇನ್ನೊಂದು ನಿಯಮ ಬಂತು: ಗುರುತು ಹಾಕಿಸಿದ ಅಧಿಕಾರಿಯೇ ಅಳಿಸಬೇಕು. ಬೇರೆಯವರು ಮುಟ್ಟಿದರೆ ಕೇಸು.

ಈ ಎರಡು ನಿಯಮ ಬಿಟ್ಟು ಕಂಬಣ್ಣನಿಗೆ ಯಾರೂ ಏನೂ ಕಲಿಸಿರಲಿಲ್ಲ. ಹಾಗಾಗಿ ಎರಡನ್ನೂ ಚೆನ್ನಾಗಿ ಕಲಿತಿದ್ದ. ಒಮ್ಮೆ ಒಬ್ಬ ಬಾಳೆ ದಲ್ಲಾಳಿ ಒಣಗದ ಗುರುತಿಗೆ ಒರಗಿಕೊಂಡು ಬಂದಿದ್ದ. ಪ್ಯಾಂಟಿನ ಹಿಂಭಾಗ ಕೆಂಪು. ಕಂಬಣ್ಣ ಪ್ಯಾಂಟು ಬಿಚ್ಚಿಸಿಕೊಂಡು ದಲ್ಲಾಳಿಯನ್ನು ಬಿಟ್ಟ. ದಲ್ಲಾಳಿ ನಾನು ಟ್ಯೂಬು ಒರೆಸುವ ಟವೆಲು ಸುತ್ತಿಕೊಂಡು ಮನೆಗೆ ಹೋದ. ಟವೆಲು ಇನ್ನೂ ವಾಪಸು ಬಂದಿಲ್ಲ.

ಇನ್ನು ನನ್ನ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ನಮ್ಮ ಮನೆ ನಿಂತಿರುವುದು ಆಕೆಯ ಹೆಗಲ ಮೇಲೆ. ಇದು ಅಲಂಕಾರದ ಮಾತಲ್ಲ. ಆಕೆಯ ಕೆಲಸ ಗೊನೆ ಹೊರುವುದು. ಕತ್ತಿಯವನು ದಿಂಡಿಗೆ ಅರ್ಧ ಏಟು ಹಾಕುತ್ತಾನೆ. ಮರ ಬಾಗುತ್ತದೆ. ಬಾಗುವ ಗೊನೆಯ ಕೆಳಗೆ ಹೆಗಲು ಕೊಟ್ಟು ನಿಲ್ಲಬೇಕು. ಇನ್ನೊಂದು ಏಟಿಗೆ ಇಡೀ ಭಾರ ಹೆಗಲಿಗೆ. ಸೊನೆ ಕತ್ತಿನಿಂದ ಬೆನ್ನಿಗೆ ಇಳಿಯುತ್ತದೆ. ಬಟ್ಟೆಗೆ ಕರೆ ಹಿಡಿಯುತ್ತದೆ; ಬಟ್ಟೆ ಹರಿದರೂ ಕರೆ ಹೋಗುವುದಿಲ್ಲ. ಗೊನೆ ನೆಲ ಮುಟ್ಟಬಾರದು. ಕಾಯಿ ತರಚಬಾರದು. ಹೊತ್ತವಳ ಕಾಲು ಎಷ್ಟು ಬೇಕಾದರೂ ತರಚಬಹುದು. ಹೆಂಗಸರು ಕೆಸರು ಬದುವಿನ ಮೇಲೆ ಸಾಲಾಗಿ ನಡೆಯುತ್ತಾರೆ. ಮುಂದೆ ಅತ್ತಿಗೆ. ಆಕೆ ಹೆಜ್ಜೆ ಇಟ್ಟಲ್ಲಿ ಉಳಿದವರ ಹೆಜ್ಜೆ. ಮುಂದಿನವಳು ಇಲ್ಲದಿದ್ದರೆ ಸಾಲು ಇಲ್ಲ.

ಅಂಥ ಕಾಲಿಗೆ ಹಿಮ್ಮಡಿಯಲ್ಲಿ ಬಿರುಕು ಇಲ್ಲದಿರುತ್ತದೆಯೇ? ನೀಲಿ ಆ ಬಿರುಕಿನೊಳಗೆ ಇಳಿಯಿತು. ಮೊದಲು ಚರ್ಮ ಸುಲಿಯಿತು. ಆಮೇಲೆ ಬೊಕ್ಕೆ ಎದ್ದಿತು. ಆಮೇಲೆ ಬೊಕ್ಕೆ ಒಡೆಯಿತು.

"ಮೈದುನಾ, ನೆಲಕ್ಕೆಲ್ಲ ಮೆಣಸಿನಕಾಯಿ ಹಾಸಿದ ಹಾಗಿದೆ ಕಣಪ್ಪ," ಎಂದಳು ಅತ್ತಿಗೆ.

"ಸಾಹೇಬರಿಗೆ ತೋರಿಸಿ ಅತ್ತಿಗೆ."

"ತೋರಿಸಿದರೆ ಕೆಲಸಕ್ಕೆ ಬರಬೇಡ ಅಂತಾರೆ. ಆಮೇಲೆ ನಿನ್ನ ಟ್ಯೂಬು ಬೇಯಿಸಿಕೊಂಡು ತಿನ್ನೋಣ."

ತೋರಿಸಲಿಲ್ಲ. ಆದರೆ ಕುಂಟುವುದನ್ನು ಎಷ್ಟು ದಿನ ಬಚ್ಚಿಡಲು ಸಾಧ್ಯ?

ಸಾಹೇಬರು ಗೂಡಿನ ಮುಂದೆ ಛತ್ರಿಯ ಕೆಳಗೆ ಕೂರುತ್ತಿದ್ದರು. ಇಲಾಖೆಯ ತರಬೇತಿ ಮುಗಿಸಿ ಹೊಸದಾಗಿ ಬಂದಿದ್ದರು. ತರಬೇತಿಯಲ್ಲಿ ಅವರಿಗೆ ರೋಗದ ಫೋಟೋ ತೋರಿಸಿದ್ದರಂತೆ. ಅಂದಿನಿಂದ ಅವರಿಗೆ ಎಲ್ಲ ಕಡೆ ರೋಗವೇ ಕಾಣುತ್ತಿತ್ತು. ನನ್ನ ಹಳೇ ಟಯರಿನ ಮೇಲಿನ ಬೂಜನ್ನೂ ಒಮ್ಮೆ ಬಗ್ಗಿ ಬಗ್ಗಿ ನೋಡಿದ್ದರು.

ಆ ಬೆಳಿಗ್ಗೆ ತಟ್ಟೆಯೊಳಗೆ ಕಾಲಿಡುವ ಮುಂಚೆ ಅತ್ತಿಗೆ ಒಂದು ಕ್ಷಣ ತಡೆದಳು. ಸಾಹೇಬರು ಕಂಡರು.

"ಏಯ್, ಕಾಲು ತೋರಿಸು. ಎತ್ತು. ಅಂಗಾಲು."

ಆಕೆ ಕಂಬ ಹಿಡಿದುಕೊಂಡು ಅಂಗಾಲು ಎತ್ತಿ ತೋರಿಸಿದಳು. ಕುದುರೆಗೆ ಲಾಳ ಹೊಡೆಯುವವರ ಮುಂದೆ ಕುದುರೆ ನಿಲ್ಲುವ ಹಾಗೆ. ಹಿಂದೆ ಲಾರಿಗಳು ಸಾಲುಗಟ್ಟಿದ್ದವು. ಡ್ರೈವರುಗಳೆಲ್ಲ ಕತ್ತು ಹೊರಗೆ ಹಾಕಿದರು.

ಸಾಹೇಬರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. "ಅಂಚು ಹಳದಿ, ಒಳಗೆ ಕಂದು. ಇದು ಅದೇ!"

"ಅದೇ ಅಂದ್ರೆ ಯಾವುದು ಸಾಹೇಬ್ರೇ?" ಎಂದೆ ನಾನು, ಅಂಗಡಿಯಿಂದ.

"ರೋಗ. ಮಣ್ಣಿಂದ ಹತ್ತಿದೆ. ಇವಳು ದಾಟಬಾರದು. ಕಂಬಣ್ಣಾ, ಗುರುತು ಹಾಕು."

ಕಂಬಣ್ಣ ಡಬ್ಬಿ ತಂದ. ಕುಂಚ ಅದ್ದಿದ. ಅಲ್ಲಿಗೆ ನಿಂತ.

"ಎಲ್ಲಿಗೆ ಸಾರ್? ಮರ ಆದ್ರೆ ನೆಲದಿಂದ ಒಂದು ಮೊಳ ಬಿಟ್ಟು ಹಾಕ್ತೀನಿ."

"ಕಾಲಿಗೆ ಹಾಕಯ್ಯ!"

ಹಾಕಿದ. ಹೆಬ್ಬೆರಳಿನಿಂದ ಹರಡಿನವರೆಗೆ, ಪಾದದ ಮೇಲೆ, ಕೆಂಪು ಕತ್ತರಿ. ಹಸಿ ಬಣ್ಣ ಒಡೆದ ಬೊಕ್ಕೆಗೆ ಹರಿಯಿತು. ಅತ್ತಿಗೆ ಹಲ್ಲು ಕಚ್ಚಿದಳು. ಡ್ರೈವರೊಬ್ಬ ನಕ್ಕ. ಅವನ ನಗು ಅರ್ಧಕ್ಕೇ ನಿಂತಿತು. ಪಕ್ಕದವರು ಯಾರೂ ನಗಲಿಲ್ಲ.

ಹೆಂಗಸರ ಗುಂಪಿನಲ್ಲಿ ಒಬ್ಬ ಮುದುಕಿಯಿದ್ದಳು. ಬೆನ್ನು ಬಾಗಿ ಗೊನೆ ಹೊರಲಾಗದೆ ಕಳೆ ತೆಗೆಯುವವಳು. ದನಿ ಮಾತ್ರ ಬಾಗಿರಲಿಲ್ಲ, ಹಾಗಾಗಿ ಗುಡುಗಜ್ಜಿ. ಅವಳು ಮುಂದೆ ಬಂದು ಕೇಳಿದಳು:

"ಸಾಮೀ, ಗುರುತು ಹಾಕಿದ ಮರಾನ ಏನು ಮಾಡ್ತೀರಿ ನೀವು?"

ಸಾಹೇಬರು ಕೆಮ್ಮಿದರು.

"ಕಡಿದು ಸುಡ್ತೀರಿ ಅಲ್ವಾ? ಇವಳನ್ನ ಯಾವಾಗ?"

"ಅಜ್ಜೀ, ತಲೆ ತಿನ್ನಬೇಡ. ಇವಳೊಬ್ಬಳು ಮನೆಗೆ ಹೋಗ್ಲಿ. ಇನ್ಮೇಲೆ ಬರೋದು ಬೇಡ. ಮಿಕ್ಕವರು ತಟ್ಟೆಗೆ ಇಳೀರಿ."

ಇನ್ಮೇಲೆ ಬರೋದು ಬೇಡ. ಅತ್ತಿಗೆ ಅಂಜಿದ್ದ ಮಾತು ಇದೇ. ಬುತ್ತಿಯ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಅಳಲಿಲ್ಲ. ನಾನು ಆಕೆಯನ್ನು ಬಲ್ಲೆ. ಅಳುವ ಮುಂಚೆ ಲೆಕ್ಕ ಹಾಕುವವಳು.

"ಸಾಹೇಬ್ರೇ, ಈ ರೋಗ ಮುಟ್ಟಿದ್ರೆ ಹತ್ತತ್ತಾ?"

"ಹತ್ತುತ್ತೆ ಮತ್ತೆ! ಅದಕ್ಕೇ ತಾನೇ ಇಷ್ಟೆಲ್ಲ?"

"ನಿನ್ನೆ ನನ್ನ ಹಿಂದೆ ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಇವರೆಲ್ಲ ಬಂದಿದ್ದಾರೆ. ಅದಕ್ಕೆ ಹೇಳಿದೆ. ನಿಮ್ಮ ಒಳ್ಳೇದಕ್ಕೆ."

ಗುಡುಗಜ್ಜಿಗೆ ಇಷ್ಟು ಸಾಕಾಯಿತು. "ಅಯ್ಯಯ್ಯೋ! ನಾನು ಇವಳ ಚೆಂಬಿನಲ್ಲೇ ನೀರು ಕುಡಿದೆ! ನನಗೂ ಒಂದು ಹಾಕಪ್ಪ ಕಂಬಣ್ಣ. ದಪ್ಪಕ್ಕೆ ಹಾಕು, ನನಗೆ ಕಣ್ಣು ಮಂಜು."

"ನನಗೂ," ಎಂದಳು ಇನ್ನೊಬ್ಬಳು. "ನಿನ್ನೆ ಇವಳ ಗೊನೆಗೆ ನಾನೇ ಕೈ ಕೊಟ್ಟಿದ್ದು."

"ನನಗೆ ಎರಡೂ ಕಾಲಿಗೆ."

ಸಾಹೇಬರಿಗೆ ಸಿಟ್ಟು ಬಂತು. ಕೂಲಿ ಹೋಗುತ್ತದೆ ಎಂದರೆ ಕಾಲಿಗೆ ಬೀಳುತ್ತಾರೆ ಎನ್ನುವುದು ಅವರ ಅಂದಾಜು. ತರಬೇತಿಯಲ್ಲಿ ಇದರ ಫೋಟೋ ತೋರಿಸಿರಲಿಲ್ಲ.

"ಹೌದಾ? ಹಾಕಯ್ಯ ಎಲ್ಲರಿಗೂ! ಒಬ್ಬಳನ್ನೂ ಬಿಡಬೇಡ! ಎಲ್ಲರೂ ಮನೇಲಿ ಬಿದ್ದಿರಲಿ, ಬುದ್ಧಿ ಬರುತ್ತೆ!"

ಕಂಬಣ್ಣ ಹಾಕಿದ. ಹೆಂಗಸರು ರಸ್ತೆಯಲ್ಲೇ ಸಾಲಾಗಿ ಕೂತು ಕಾಲು ಚಾಚಿದರು. ಕಂಬಣ್ಣ ಕುಕ್ಕರಗಾಲಲ್ಲಿ ಒಬ್ಬೊಬ್ಬರ ಮುಂದೆ ಸರಿಯುತ್ತ, ನಾಲಿಗೆ ಹೊರಗೆ ಹಾಕಿ, ಗೀಟು ಸೊಟ್ಟ ಆಗದ ಹಾಗೆ ಎಳೆದ. ಕಚಗುಳಿಯಾಗಿ ಒಬ್ಬಳು ನಕ್ಕಳು. "ಅಲ್ಲಾಡಬೇಡಮ್ಮ, ಸರ್ಕಾರಿ ಕೆಲಸ," ಎಂದ.

ಗುರುತು ಹಾಕಿಸಿಕೊಂಡ ಹೆಂಗಸರು ಮನೆಗೆ ಹೋಗಲಿಲ್ಲ. ಗುರುತು ಹಾಕಿದ್ದು ಇದ್ದಲ್ಲೇ ಇರಬೇಕು, ಹಾಗಂತ ನಿಯಮ. ಕಂಬದ ಮುಂದೆ, ನಡುರಸ್ತೆಯಲ್ಲಿ ಇದ್ದರು.

ಆಚೆ ತೋಟದಲ್ಲಿ ತಂಪು ಪೆಟ್ಟಿಗೆಯ ದೊಡ್ಡ ಲಾರಿ ನಿಂತಿತ್ತು. ಹಿಂದಿನ ದಿನವೇ ಬಂದು ಮೋಟಾರು ಗುಂಯ್‌ಗುಟ್ಟುತ್ತಿತ್ತು. ಸಂಜೆಯೊಳಗೆ ಗೊನೆ ತುಂಬದಿದ್ದರೆ ಖಾಲಿ ಹೊರಡುತ್ತದೆ. ಕೊಳ್ಳುವವರು ಮುಂದಿನ ಸಲ ಬೇರೆ ತೋಟ ನೋಡಿಕೊಳ್ಳುತ್ತಾರೆ. ಕತ್ತಿಯವನು ಆಚೆ ಹಳ್ಳದ ಕಡೆಯವನು, ಕಂಬ ದಾಟಬೇಕಿರಲಿಲ್ಲ. ಬೆಳಿಗ್ಗೆಯೇ ಬಂದು ಮರದ ಕೆಳಗೆ ಕತ್ತಿ ಮಸೆಯುತ್ತ ಕೂತಿದ್ದ. ಅವನಿಗೆ ಹೆಗಲು ಬೇಕಿತ್ತು. ಹೆಗಲುಗಳೆಲ್ಲ ರಸ್ತೆಯಲ್ಲಿ ಕೂತಿದ್ದವು.

ತೋಟದ ಮೇಸ್ತ್ರಿ ಓಡಿ ಬಂದ. ಬೇರೆ ಗುಂಪಿಗೆ ಫೋನು ಹಚ್ಚಿದ.

"ಕೂಲಿ ಜಾಸ್ತಿ ಕೊಡಿಸ್ತೀನಿ, ಬರ್ರಮ್ಮಾ... ಯಾಕೆ ಅಂದ್ರೆ... ಇವರಿಗೆ ಸ್ವಲ್ಪ... ಏನಿಲ್ಲ, ಕಾಲಿಗೆ ಬಾಳೆ ರೋಗ ಬಂದಿದೆಯಂತೆ... ಹಲೋ? ಹಲೋ?"

ಎರಡನೇ ಗುಂಪಿಗೂ ಹಲೋ ಎಂದ. ಆಮೇಲೆ ಹಲೋ ಎನ್ನುವುದನ್ನು ಬಿಟ್ಟ.

ಧಣಿ ಬಂದದ್ದು ಬಿಸಿಲೇರಿದ ಮೇಲೆ. ಕಾರು ಹೆಂಗಸರ ಕಾಲಿನ ಹತ್ತಿರ ಬಂದು ಕೂಗಿತು. ಕಾಲುಗಳು ಅಲುಗಲಿಲ್ಲ. ಧಣಿ ಗಾಜು ಇಳಿಸಿದ. ಅವನ ಕಾರಿನ ಗಾಜು ಆ ಜಾಗದಲ್ಲಿ ಇಳಿದದ್ದು ಅದೇ ಮೊದಲು.

"ಏನ್ರೀ ಸಾಹೇಬ್ರೇ ಇದು? ನನ್ನ ಲೋಡು ಹೊರಡಬೇಕು. ಕಳಿಸ್ರೀ ಇವರನ್ನ!"

ಸಾಹೇಬರು ಆ ಹೊತ್ತಿಗೆ ತಣ್ಣಗಾಗಿದ್ದರು. "ಕಂಬಣ್ಣಾ, ಎತ್ತಪ್ಪ."

ಕಂಬಣ್ಣ ಹಗ್ಗ ಮುಟ್ಟಲಿಲ್ಲ. "ಕೆಂಪು ಇದೆ ಸಾರ್."

"ನಾನೇ ಹೇಳ್ತಿದ್ದೀನಲ್ಲ!"

"ಕೆಂಪು ಇದ್ರೆ ಯಾರು ಹೇಳಿದ್ರೂ ಎತ್ತಬೇಡ ಅಂತ ನೀವೇ ಹೇಳಿದ್ರಿ ಸಾರ್. ನಾನು ಹೇಳಿದ್ರೂ ಅಂತ ಕೂಡ ಹೇಳಿದ್ರಿ."

ಲಾರಿಗಳ ಸಾಲಿನಿಂದ ದನಿ ಬಂತು: "ಇವರನ್ನ ಬಿಟ್ರೆ ನನ್ನ ಲೋಡೂ ಬಿಡಬೇಕು ಸಾಹೇಬ್ರೇ! ನಂದೂ ಕೆಂಪೇ!" ನಾಲ್ಕಾರು ಡ್ರೈವರುಗಳು ಫೋನು ಎತ್ತಿ ಹಿಡಿದಿದ್ದರು. ಸಾಹೇಬರು ಫೋನುಗಳನ್ನು ನೋಡಿ ಅಂಗಿಯ ಗುಂಡಿ ಹಾಕಿಕೊಂಡರು.

"ಹಾಗಾದ್ರೆ ಅಳಿಸಿಕೊಳ್ರಮ್ಮ," ಎಂದ ಧಣಿ. "ಪಂಚರ್ ಅಂಗಡೀಲಿ ಪೆಟ್ರೋಲು ಇರುತ್ತೆ, ಬಟ್ಟೆ ತಗೊಂಡು ಒರೆಸಿಕೊಳ್ಳಿ. ಏಳಿ, ಏಳಿ."

ಅತ್ತಿಗೆ ಕೂತಲ್ಲಿಂದಲೇ ಹೇಳಿದಳು. "ನಾವು ಮುಟ್ಟಿದ್ರೆ ಕೇಸು ಧಣಿ. ನಿಮ್ಮ ತೋಟದಲ್ಲಿ ಗುರುತು ಕೆರೆದಾಗಿಂದ ಬಂದಿರೋ ನಿಯಮ. ನಿಮಗೆ ಗೊತ್ತಿಲ್ದೆ ಏನು."

ಧಣಿ ಕಾರಿನಿಂದ ಇಳಿದ. ಸಾಹೇಬರನ್ನು ನೋಡಿದ. ಸಾಹೇಬರು ಕಂಬಣ್ಣನನ್ನು ನೋಡಿದರು. ಕಂಬಣ್ಣ ಹೌದೆಂದು ತಲೆಯಾಡಿಸಿದ. "ಅಧಿಕಾರಿನೇ ಅಳಿಸಬೇಕು ಸಾರ್."

"ರೋಗ ಇಲ್ಲ ಅಂತಾದ್ರೆ ತಾನೇ ಅಳಿಸೋದು?" ಎಂದಳು ಅತ್ತಿಗೆ. "ಇದೆಯೋ ಇಲ್ವೋ ಮೊದಲು ಹೇಳ್ಲಿ."

"ಇಲ್ಲ," ಎಂದರು ಸಾಹೇಬರು, ಸಣ್ಣಗೆ.

"ಕೇಳಿಸ್ಲಿಲ್ಲ!" ಎಂದಳು ಗುಡುಗಜ್ಜಿ. ಅವಳ ಕಿವಿ ನನ್ನ ಅಂಗಡಿಯಲ್ಲಿ ಗಾಳಿ ಸೋರುವುದನ್ನು ರಸ್ತೆಯಾಚೆಯಿಂದ ಹೇಳುವಂಥದ್ದು.

"ರೋಗ ಇಲ್ಲ!"

"ಮತ್ತೆ ಇದೇನು?" ಅತ್ತಿಗೆ ಅಂಗಾಲು ತೋರಿಸಿದಳು.

ಧಣಿ ಗಡಿಯಾರ ನೋಡಿಕೊಂಡ. "ಔಷಧಿ ಸುಟ್ಟಿದೆ ಅಂತ ಹೇಳ್ರೀ! ಕುರುಡನಿಗೂ ಕಾಣುತ್ತೆ! ಹೇಳಿ ಮುಗಿಸ್ರೀ!"

"ಔಷಧಿ... ಸುಟ್ಟಿದೆ," ಎಂದರು ಸಾಹೇಬರು.

"ನೋಡಿದ್ರಾ, ಧಣಿಗೆ ಗೊತ್ತಿತ್ತು," ಎಂದಳು ಅತ್ತಿಗೆ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. ಡ್ರೈವರುಗಳ ಮುಖದಲ್ಲಿ ಅಲ್ಲಿಯವರೆಗಿದ್ದ ನಗು ಆ ಒಂದು ಮಾತಿಗೆ ಇಲ್ಲವಾಯಿತು. ಧಣಿ ನೆಲ ನೋಡಿದ.

ನಾನು ಪೆಟ್ರೋಲು, ಹಳೇ ಬಟ್ಟೆ ತಂದೆ. ಅತ್ತಿಗೆ ಬೇಡವೆಂದಳು.

"ಹುಣ್ಣಿಗೆ ಪೆಟ್ರೋಲು ಹಾಕಿದ್ರೆ ಪ್ರಾಣ ಹೋಗುತ್ತೆ. ಎಣ್ಣೇಲಿ ಒರೆಸ್ಲಿ."

"ಎಣ್ಣೇಲಿ ಬೇಗ ಹೋಗಲ್ಲ," ಎಂದೆ.

"ಗೊತ್ತು," ಎಂದಳು.

ಕಂಬಣ್ಣ ಗೂಡಿನಿಂದ ಅಡುಗೆ ಎಣ್ಣೆ ತಂದುಕೊಟ್ಟ. ಸಾಹೇಬರು ಪ್ಯಾಂಟನ್ನು ಮೊಣಕಾಲ ಹತ್ತಿರ ಎತ್ತಿಕೊಂಡು ನೆಲಕ್ಕೆ ಕೂತರು. ಮೊದಲು ಬಟ್ಟೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿಗೆಯ ಪಾದಕ್ಕೆ ಬೀಸಿದರು. ನೊಣ ಓಡಿಸಿದ ಹಾಗಿತ್ತು. ಬಣ್ಣ ಅಲ್ಲೇ ಇತ್ತು.

"ಪಾದ ಹಿಡ್ಕೋಬೇಕು ಸಾಹೇಬ್ರೇ. ಹಿಡೀದೆ ಹೋದ್ರೆ ಜಾರುತ್ತೆ."

ಹಿಡಿದರು. ಒಂದು ಅಂಗೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಬಟ್ಟೆ. ಬಿರುಕಿಗೆ ಅವರ ಬೆರಳು ತಾಗಿತು. ಅತ್ತಿಗೆ ಸ್ಸ್ ಎಂದಳು. ಸಾಹೇಬರು ಕೈ ತೆಗೆದು, ಮತ್ತೆ ಇಟ್ಟು, ಈ ಸಲ ಮೆಲ್ಲಗೆ ಉಜ್ಜಿದರು. ಅವರು ಆ ಕಾಲನ್ನು ನಿಜವಾಗಿ ನೋಡಿದ್ದು ಆಗಲೇ ಎಂದು ನನ್ನ ಗುಮಾನಿ. ಫೋಟೋದಲ್ಲಿ ಕೀವಿನ ವಾಸನೆ ಇರುವುದಿಲ್ಲ.

ಒಂದು ಕಾಲು ಮುಗಿಯುವಷ್ಟರಲ್ಲಿ ಧಣಿಯ ಫೋನು ಮೂರು ಸಲ ಬಡಿದುಕೊಂಡಿತು. ಸಾಲಿನಲ್ಲಿ ಇನ್ನೂ ಎಷ್ಟೋ ಕಾಲು.

"ಕೊಡ್ರೀ ಇಲ್ಲಿ ಬಟ್ಟೆ!" ಎಂದ ಧಣಿ.

ಕಂಬಣ್ಣ ಅಡ್ಡ ಬಂದ. "ನೀವು ಮುಟ್ಟೋ ಹಾಗಿಲ್ಲ ಧಣಿ. ಅಧಿಕಾರಿ ಆಗಿರಬೇಕು."

"ಅವರು ನನ್ನ ಸಹಾಯಕರು," ಎಂದರು ಸಾಹೇಬರು, ತಲೆಯೆತ್ತದೆ. "ಇವತ್ತಿಗೆ."

ಹೀಗೆ ನಮ್ಮ ಧಣಿ ಸರ್ಕಾರಿ ಕೆಲಸಕ್ಕೆ ಸೇರಿದ. ಪಾಲಿಶ್ ಬೂಟಿನ ಕಾಲು ಮಡಿಚಿಕೊಂಡು ಗುಡುಗಜ್ಜಿಯ ಮುಂದೆ ಕೂತ. ಅಜ್ಜಿ ಎರಡೂ ಕಾಲನ್ನು ಅವನ ತೊಡೆಯ ಮೇಲೇ ಇಟ್ಟಳು.

"ಬೆರಳ ಸಂದೀಲಿ ಇದೆ ನೋಡಪ್ಪ. ಹಾಂ, ಅಲ್ಲೇ. ಚೂರು ಮೇಲೆ. ನಿನ್ನ ಕೈ ಎಷ್ಟು ಮೆತ್ತಗಿದೆಯೋ ಮಗನೇ, ಕೆಲಸ ಗಿಲಸ ಮಾಡಲ್ವಾ?"

ಡ್ರೈವರುಗಳು ಲಾರಿಯಿಂದ ಇಳಿದು ಬಂದು ನೋಡಿದರು. ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ. ಒಬ್ಬ ನನ್ನಲ್ಲಿ ಗಾಳಿ ಹಾಕಿಸಿಕೊಂಡ. ಅವನ ಚಕ್ರದಲ್ಲಿ ಗಾಳಿ ಸರಿಯಾಗಿಯೇ ಇತ್ತು.

ಕೊನೆಯ ಕಾಲಿನ ಕೆಂಪು ಹೋದ ಮೇಲೆ ಹೆಂಗಸರು ಎದ್ದರು. ಸಾಹೇಬರು ಸೊಂಟ ಹಿಡಿದುಕೊಂಡು ಎದ್ದು, ಅಭ್ಯಾಸದ ಮೇಲೆ ಬಾಯಿಬಿಟ್ಟರು.

"ಹೂಂ, ಚಪ್ಪಲಿ ಅಲ್ಲೇ ಇರಲಿ. ತಟ್ಟೆಗೆ ಇಳೀರಿ."

ಯಾರೂ ಇಳಿಯಲಿಲ್ಲ.

"ಇಳಿಯಲ್ಲ," ಎಂದಳು ಅತ್ತಿಗೆ.

ಕೂಗಲಿಲ್ಲ. ನಗಲೂ ಇಲ್ಲ. ಚಪ್ಪಲಿಗಳ ರಾಶಿಗೆ ಹೋದಳು. ತನ್ನದನ್ನು ಹುಡುಕಿದಳು. ಎಣ್ಣೆ ಹಚ್ಚಿದ ಕಾಲನ್ನು ಅದರೊಳಗೆ ತೂರಿಸಿದಳು. ಚಪ್ಪಲಿ ಮೆಟ್ಟಿಕೊಂಡೇ ತಟ್ಟೆಯೊಳಗೆ ಒಂದೊಂದೇ ಹೆಜ್ಜೆ ಇಟ್ಟು, ಅಟ್ಟೆಗಷ್ಟೇ ನೀಲಿ ತಾಗಿಸಿ, ಆಚೆ ಬದಿಗೆ ನಿಂತಳು.

"ಮಣ್ಣು ಇರೋದು ಅಟ್ಟೇಲಿ. ಅದನ್ನ ತೊಳೆದಿದ್ದೀನಿ. ನಾಳೆಯಿಂದ ಹಿಂಗೇ. ಆಗಲ್ಲ ಅಂದ್ರೆ ಈಗಲೇ ಹೇಳಿ, ನಾವು ಮತ್ತೆ ಕೂತ್ಕೋತೀವಿ."

ಕೂರುವುದಕ್ಕೆ ಗುಡುಗಜ್ಜಿ ಆಗಲೇ ಅರ್ಧ ಬಗ್ಗಿದ್ದಳು.

"ಎತ್ತಯ್ಯ ಕಂಬ!" ಎಂದು ಅರಚಿದ್ದು ಸಾಹೇಬರಲ್ಲ, ಧಣಿ. ಸಾಹೇಬರು ತಲೆಯಾಡಿಸಿದರು. ಕಂಬಣ್ಣ ಪ್ರತಿಯೊಂದು ಕಾಲನ್ನೂ ಬಗ್ಗಿ ನೋಡಿ, ಕೆಂಪಿಲ್ಲವೆಂದು ಖಾತ್ರಿ ಮಾಡಿಕೊಂಡು, ಎತ್ತಿದ. ಹೆಂಗಸರು ಚಪ್ಪಲಿ ಮೆಟ್ಟಿಕೊಂಡು ಸಾಲಾಗಿ ದಾಟಿದರು.

ಹಿಂದೆಯೇ ಧಣಿಯ ಕಾರು. ಕಂಬ ಇಳಿಯಿತು.

"ಮತ್ತೇನಯ್ಯ?"

"ಕೈ ತೋರಿಸಿ ಧಣಿ."

ಧಣಿ ತೋರಿಸಿದ. ಉಗುರು ಸಂದಿಯಿಂದ ಮಣಿಕಟ್ಟಿನವರೆಗೆ ಕೆಂಪು. ಕಂಬಣ್ಣ ವಿಷಾದದಿಂದ ತಲೆಯಾಡಿಸಿ ಸಾಹೇಬರ ಕಡೆ ತಿರುಗಿದ. ಅಧಿಕಾರಿಯೇ ಅಳಿಸಬೇಕಾಗಿತ್ತು. ಅಧಿಕಾರಿಯ ಕೈ ಧಣಿಯದಕ್ಕಿಂತ ಕೆಂಪಾಗಿತ್ತು. ಬಟ್ಟೆಯೂ ಕೆಂಪಾಗಿತ್ತು. ಎಣ್ಣೆ ಮುಗಿದಿತ್ತು. ಇಬ್ಬರೂ ಒಬ್ಬರ ಕೈ ಒಬ್ಬರು ಉಜ್ಜುತ್ತ ಎಷ್ಟು ಹೊತ್ತು ನಿಂತಿದ್ದರೋ, ನನಗೆ ಕೆಲಸವಿತ್ತು.

ಮುಂದಿನದನ್ನು ನಾನು ಕಾಣಲಿಲ್ಲ; ಸಂಜೆ ಗುಡುಗಜ್ಜಿ ಹೇಳಿದ್ದು. ತೋಟದಲ್ಲಿ ಕತ್ತಿಯವನು ಕಾದು ಕಾದು ಉರಿಯುತ್ತಿದ್ದನಂತೆ. ಅತ್ತಿಗೆ ಬದುವಿನ ಮೇಲೆ ಕಂಡದ್ದೇ ತಡ, ಶುರುಮಾಡಿದನಂತೆ.

"ಎಲ್ಲಿಗಮ್ಮಾ ಹಾಳಾಗಿ ಹೋಗಿದ್ರಿ? ಹೊತ್ತು ನೆತ್ತಿಗೆ ಬಂತು!"

ಅತ್ತಿಗೆ ಹೆಗಲ ಮೇಲೆ ಗೋಣಿ ಮಡಿಚಿ ಹಾಕಿಕೊಂಡು, ಮರದ ಕೆಳಗೆ ತನ್ನ ಜಾಗದಲ್ಲಿ ನಿಂತಳಂತೆ.

"ಧಣಿ ಕಾಲು ಉಜ್ತಾ ಇದ್ರು ಕಣಯ್ಯ. ಅರ್ಧಕ್ಕೆ ಎದ್ದು ಬಂದ್ರೆ ಚೆನ್ನಾಗಿರಲ್ಲ ಅಂತ ಮುಗಿಯೋವರೆಗೂ ಕೂತಿದ್ವಿ. ಹೂಂ, ಹಾಕು ಏಟು."